ಅರ್ಧ ಬಾಳೆಹಣ್ಣಿಗೆ ಒಂದು ಸಹಿ

ಶಾಲೆ ತಪಾಸಣೆಗೆ ಬಂದಿದ್ದ ಸಾಹೇಬರು ಪುಸ್ತಕದ ರಿಜಿಸ್ಟರಿನ ಮೂರನೇ ಪುಟಕ್ಕೆ ಬಂದು ನಿಂತುಬಿಟ್ಟರು. ಪೆನ್ನಿನ ತುದಿಯಿಂದ ಒಂದು ಸಹಿ ಮುಟ್ಟಿದರು. ಆಮೇಲೆ ಅದರ ಕೆಳಗಿನದು. ಆಮೇಲೆ ಅದರ ಕೆಳಗಿನದು.

“ಏನ್ರೀ ಮೇಡಂ, ಹುಲಿಗೆಮ್ಮ, ಎರ್ರೆಮ್ಮ, ಫಾತಿಮಾ... ಮೂವರೂ ‘ಮ’ಕ್ಕೆ ಒಂದೇ ಥರ ಬಾಲ ಎಳೀತಾರಲ್ಲ?”

ಕರೆಂಟ್ ಹೋಗಿತ್ತು. ಫೆಬ್ರವರಿಯಲ್ಲೇ ಬಳ್ಳಾರಿ ಬಿಸಿಲು ಹೇಗಿರುತ್ತೆ ಗೊತ್ತಲ್ಲ. ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳೋ ಸಿ.ಆರ್.ಪಿ. ಸರ್ ನನ್ನ ಮುಖ ನೋಡದೆ ಮೊಬೈಲ್ ನೋಡುತ್ತಿದ್ದರು. ಹೊರಗೆ ಮಕ್ಕಳು ತಟ್ಟೆ ಬಡಿಯುತ್ತಿದ್ದವು. ಅವತ್ತು ಮೊಟ್ಟೆ ಕೊಡೋ ದಿನ.

ನಾನು ಕೌಲ್ ಬಜಾರ್ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಚಿಕ್ಕ ಮಕ್ಕಳಿಗೆ ಚಟುವಟಿಕೆಯಲ್ಲೇ ಕಲಿಸೋ ನಲಿ-ಕಲಿ ತರಗತಿಯ ಟೀಚರ್. ಮಕ್ಕಳ ಮನೆಗೆ ಪುಸ್ತಕ ಕಳಿಸೋದು ನನ್ನದೇ ಹುಚ್ಚು, ಯಾವ ಸುತ್ತೋಲೆಯೂ ಬಂದಿರಲಿಲ್ಲ. ತರಬೇತಿಯೊಂದರಲ್ಲಿ ಕೇಳಿದ್ದೆ: ಮಗು ಹುಟ್ಟಿದಾಗಿನಿಂದಲೇ ಓದಿ ಹೇಳಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿದೆಯಂತೆ. ಪೋಷಕರ ಸಭೆಯಲ್ಲಿ ಅದನ್ನೇ ಒದರಿದೆ. ತಾಯಂದಿರು ತಲೆ ಆಡಿಸಿದರು. ಅವರಿಗೆ ಮನೆಗೆ ಹೋಗಿ ಜೀನ್ಸ್ ಪೀಸುಗಳ ದಾರ ಕತ್ತರಿಸೋ ಅವಸರ.

ನಿಯಮವನ್ನೂ ನಾನೇ ಮಾಡಿದೆ. ಶುಕ್ರವಾರ ಪುಸ್ತಕ ಹೋಗಬೇಕು, ಸೋಮವಾರ ವಾಪಸ್ ಬರಬೇಕು. ಜೊತೆಗೆ ತಾಯಿಯ ಸಹಿ, ‘ಪೋಷಕರ ಅಭಿಪ್ರಾಯ’ ಅಂತ ಎರಡು ಸಾಲು. ಹರಿದರೆ ದುಡ್ಡು ಕಟ್ಟಬೇಕು. ಈ ಕೊನೆಯದಕ್ಕೆ ಕಾರಣ ಇತ್ತು. ಹಿಂದಿನ ಶಾಲೆಯಲ್ಲಿ ಚಾರ್ಜ್ ಕೊಡುವಾಗ ಲೆಕ್ಕಕ್ಕೆ ಸಿಗದ ಹನ್ನೊಂದು ಪುಸ್ತಕಕ್ಕೆ ನಾನೇ ಕೈಯಿಂದ ಕಟ್ಟಿದ್ದೆ. ಬೀರುವಿನ ಕೀಲಿ ಅಂದರೆ ಅವತ್ತಿನಿಂದ ಮಂಗಳಸೂತ್ರದಷ್ಟೇ ಜೋಪಾನ.

ಎರಡು ತಿಂಗಳು ರಿಜಿಸ್ಟರ್ ತುಂಬಿದ್ದೇ ತುಂಬಿದ್ದು. ಎಲ್ಲಾ ಸೋಮವಾರ, ಎಲ್ಲಾ ಸಹಿ. ಅಭಿಪ್ರಾಯದ ಜಾಗದಲ್ಲಿ ‘ಕಥೆ ಚೆನ್ನಾಗಿದೆ’, ಮತ್ತೆ ‘ಕಥೆ ಚೆನ್ನಾಗಿದೆ’. ನನಗೆ ಅನುಮಾನ ಬರಬೇಕಿತ್ತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 58ರ ಆಸುಪಾಸು. ಅಂದರೆ ಹತ್ತರಲ್ಲಿ ನಾಲ್ವರಿಗೆ ಅಕ್ಷರ ಬರಲ್ಲ. ಮನೆಮನೆ ಸಮೀಕ್ಷೆಗೆ ಹೋದಾಗಲೆಲ್ಲ ‘ಓದು ಬರಹ’ದ ಕಾಲಂ ತುಂಬಿದವಳು ನಾನೇ. ಆದರೂ ತುಂಬಿದ ರಿಜಿಸ್ಟರ್ ಕಂಡರೆ ನಮ್ಮ ಇಲಾಖೆಯವರಿಗೆ ಒಂಥರಾ ಹೊಟ್ಟೆ ತುಂಬುತ್ತೆ.

ಈಗ ಸಾಹೇಬರ ಮುಂದೆ ನಿಜ ಹೇಳಬಹುದಿತ್ತು. “ನೋಡ್ತೀನಿ ಸರ್” ಅಂದಿದ್ದರೂ ಸಾಕಿತ್ತು. ನನ್ನ ಬಾಯಿಂದ ಬಂದಿದ್ದು ಬೇರೆ: “ಸರ್, ಇವರೆಲ್ಲ ಹೊಸದಾಗಿ ಸಹಿ ಕಲಿತವರು. ನಾನೇ ಕಲಿಸಿದ್ದು. ಅದಕ್ಕೇ ಒಂದೇ ಥರ.”

ಸಿ.ಆರ್.ಪಿ. ಸರ್ ಆಗ ತಲೆ ಎತ್ತಿದರು.

“ಹೌದಾ? ಒಬ್ಬರನ್ನ ಕರೆಸಿ ಹಾಗಾದ್ರೆ” ಅಂದರು ಸಾಹೇಬರು.

ಶಾಲೆ ಹಿಂದಿನ ಗಲ್ಲಿಯಿಂದ ಎರಡನೇ ಕ್ಲಾಸಿನ ಹುಡುಗನ ತಾಯಿ ಬಂದರು. ಸೀರೆ ತುಂಬ ನೀಲಿ ದಾರದ ಚೂರು. ಸಣ್ಣ ಕತ್ತರಿ ಇನ್ನೂ ಬೆರಳಲ್ಲೇ ಇತ್ತು. ಏನೋ ತಪ್ಪಾಗಿದೆ ಅಂದುಕೊಂಡು ಪುಸ್ತಕವನ್ನೂ ಹಿಡಿದು ತಂದಿದ್ದರು. ಸಾಹೇಬರು ಪೆನ್ನು ಚಾಚಿದರು. ಆಕೆ ಪೆನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ನಂಗೆ ಸಹಿ ಬರಲ್ಲ ಸಾರ್.”

ಅಷ್ಟಕ್ಕೆ ಮುಗಿದಿದ್ದರೆ ಮಾನ ಹೋಯಿತು ಅಂತ ಸುಮ್ಮನಾಗುತ್ತಿದ್ದೆ. ಆದರೆ ಆಕೆ ಪ್ಲಾಸ್ಟಿಕ್ ಕವರ್ ಬಿಚ್ಚಿ ಪುಸ್ತಕ ಮುಂದೆ ಹಿಡಿದರು. “ಒಂದು ಕಲೆ ಇಲ್ಲ, ನೋಡ್ರಿ ಮೇಡಂ. ದೇವರ ಗೂಡಿನಾಗೆ ಇಟ್ಟಿದ್ದೆ. ನಮ್ ಹುಡುಗ ಮುಟ್ಟಿ ಹರಿದಾನು ಅಂತ.”

ಪುಸ್ತಕಕ್ಕೆ ಊದಿನಕಡ್ಡಿ ವಾಸನೆ ಹತ್ತಿತ್ತು. ಆಕೆಗೆ ಹೆಮ್ಮೆ. ಶುಕ್ರವಾರದಿಂದ ಒಂದು ಸಲವೂ ಅದನ್ನು ಬಿಚ್ಚಿರಲಿಲ್ಲ.

ಸಾಹೇಬರು ಬೈಯಲಿಲ್ಲ. ‘ದಾಖಲೆ ನಿರ್ವಹಣೆ ಸುಧಾರಿಸಬೇಕು’ ಅಂತ ಭೇಟಿ ಪುಸ್ತಕದಲ್ಲಿ ಬರೆದು ಹೋದರು. ವಾರದೊಳಗೆ ಗ್ರೂಪಿಗೆ ಗೂಗಲ್ ಫಾರ್ಮ್ ಬಂತು. ಪೋಷಕರು ಓದಿಸುತ್ತಿರುವ ಫೋಟೋ ಹಾಕಬೇಕಂತೆ, ಲೊಕೇಶನ್ ಸಮೇತ. ಸಮಸ್ಯೆ ದಾಖಲೆಯದ್ದು ಅಂತ ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ? ನನಗೂ ಅಲ್ಲೀವರೆಗೆ ಹಾಗೇ ಅನ್ನಿಸಿತ್ತು.

ಸಹಿ ಮಾಡುತ್ತಿದ್ದವಳು ನಾಲ್ಕನೇ ಕ್ಲಾಸಿನ ಹುಡುಗಿ. ವಿಚಾರಿಸಿದಾಗ ಹೆದರಲೇ ಇಲ್ಲ. “ಅವರಮ್ಮಗೆ ಬರಲ್ಲ ಮಿಸ್, ಅದಕ್ಕೆ ಹಾಕ್ಕೊಟ್ಟೆ” ಅಂದಳು. ರೇಟು ಅರ್ಧ ಬಾಳೆಹಣ್ಣು. ಅಭಿಪ್ರಾಯ ಬೇಕಿದ್ದರೆ ಪೂರ್ತಿ.

ಸಹಿ ತೆಗೆದುಹಾಕಿದೆ. ಅಭಿಪ್ರಾಯವನ್ನೂ. ಹರಿದರೆ ಗೋಂದು, ಟೇಪು ನನ್ನ ಟೇಬಲ್ ಮೇಲಿದೆ, ಕೂತು ಅಂಟಿಸೋಣ ಅಂದೆ. ‘ಓದಿಸಿ’ ಅನ್ನೋ ಮಾತನ್ನೇ ಬಿಟ್ಟೆ, ಅದು ಕೇಳಿದರೆ ಓದು ಬಾರದವರು ಬಾಗಿಲಲ್ಲೇ ನಿಲ್ಲುತ್ತಾರೆ. ದಾರ ಕತ್ತರಿಸುವಾಗ ತಾಯಿಯ ಎರಡೂ ಕೈಗೆ ಕೆಲಸ, ಬಾಯಿಗೆ ಇಲ್ಲ. ಪುಟ ಮಗು ತಿರುವಲಿ, ನೀವು “ಇದೇನು, ಆಮೇಲೇನಾಯ್ತು” ಅಂತ ಕೇಳಿ, ಹತ್ತು ನಿಮಿಷ ಸಾಕು ಅಂದೆ. ತೆಲುಗಿನಲ್ಲಿ ಕೇಳಬಹುದಾ ಅಂತ ಒಬ್ಬರು ಅಂಜಿಕೊಂಡೇ ಕೇಳಿದರು. ಕನ್ನಡ ಶಾಲೆ ಅಂತ ಇಷ್ಟು ದಿನ ಮಗುವಿನ ಜೊತೆ ಪುಸ್ತಕ ಹಿಡಿದರೆ ಬಾಯೇ ಬಿಡುತ್ತಿರಲಿಲ್ಲವಂತೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಚಿತ್ರಕಥೆಗಳು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಪುಕ್ಕಟೆ ಸಿಗುತ್ತವೆ. ಕೆಲವನ್ನು ಪ್ರಿಂಟ್ ಹಾಕಿಸಿದೆ. ಕಲರ್ ಪ್ರಿಂಟಿನ ಬಿಲ್ಲು ಮಾತ್ರ ಇನ್ನೂ ಎಚ್.ಎಂ. ಡ್ರಾಯರಿನಲ್ಲೇ ಇದೆ.

ಎಲ್ಲ ಮನೆಯಲ್ಲೂ ನಡೆಯುತ್ತಿದೆ ಅಂತ ಹೇಳಲಾರೆ. ಆರ್ಡರ್ ಜಾಸ್ತಿ ಇರೋ ವಾರ ಯಾರೂ ಪುಸ್ತಕ ಮುಟ್ಟಲ್ಲ. ಆದರೆ ಊದಿನಕಡ್ಡಿ ವಾಸನೆಯ ಆ ಪುಸ್ತಕ ಮೊನ್ನೆ ವಾಪಸ್ ಬಂದಾಗ ಐದನೇ ಪುಟದ ಆನೆಯ ಹೊಟ್ಟೆ ಮೇಲೆ ನೀಲಿ ಹೆಬ್ಬೆಟ್ಟು ಇತ್ತು. ಜೀನ್ಸ್ ಬಣ್ಣ, ಒರೆಸಿದರೂ ಹೋಗಲ್ಲ. ಹುಡುಗ “ತರವಾತ?” (ತೆಲುಗಿನಲ್ಲಿ ‘ಆಮೇಲೆ?’) ಅಂತ ಅಮ್ಮನ ದನಿಯಲ್ಲೇ ಅನುಕರಣೆ ಮಾಡಿ ತೋರಿಸಿದ.

ನಾಲ್ಕನೇ ಕ್ಲಾಸಿನವಳ ವ್ಯಾಪಾರ ಬಿತ್ತು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.