ಅಂದವಾದ ಅಕ್ಷರದ ಹಿಂದೆ

ಬೌದ್ಧಿಕ ಅಂಗವೈಕಲ್ಯ, ಅಂದರೆ ಕಲಿಕೆ, ಯೋಚನೆ ಮತ್ತು ದಿನನಿತ್ಯದ ನಿರ್ವಹಣೆಯಲ್ಲಿ ಮಿತಿ, ಇರುವವರಲ್ಲಿ ಸುಮಾರು ಶೇ. 85ರಷ್ಟು ಮಂದಿಯದು ಅಲ್ಪ ಪ್ರಮಾಣದ ತೊಂದರೆ. ಆದರೂ ಶಾಲೆಗಳಲ್ಲಿ ಎಲ್ಲರಿಗಿಂತ ತಡವಾಗಿ ಗುರುತಿಸಲ್ಪಡುವವರು ಇವರೇ. ನಡಿಗೆ, ಮಾತು, ಆಟಗಳಲ್ಲಿ ಓರಗೆಯವರಂತೆಯೇ ಕಾಣುವ ಮಗು, ಓದಿ ಅರ್ಥಮಾಡಿಕೊಳ್ಳಬೇಕಾದ ಪಾಠಗಳೂ ದಶಕ ತೆಗೆದು ಕಳೆಯುವ ಲೆಕ್ಕಗಳೂ ಬರುವ ಹೊತ್ತಿಗೆ ಹಿಂದುಳಿಯತೊಡಗುತ್ತದೆ. ಆಗ ಅದಕ್ಕೆ ಮೊದಲು ಸಿಗುವುದು ನೆರವಲ್ಲ, ಸೋಮಾರಿ ಎಂಬ ಹೆಸರು.

ಇಂಥ ಮಕ್ಕಳು ಕಪ್ಪುಹಲಗೆಯ ಮೇಲಿರುವುದನ್ನು ಬಹಳ ಚೆನ್ನಾಗಿ ನಕಲು ಮಾಡಬಲ್ಲರು. ಪುಸ್ತಕ ತುಂಬಿರುತ್ತದೆ, ಅಕ್ಷರ ದುಂಡಗಿರುತ್ತದೆ, ಶಿಕ್ಷಕರ ಸಹಿಯೂ ಬಿದ್ದಿರುತ್ತದೆ. ಆದರೆ ಬರೆದದ್ದರಲ್ಲಿ ಒಂದು ಸಾಲನ್ನು ಓದಿ ಹೇಳೆಂದರೆ ಮಗು ಸುಮ್ಮನೆ ನಿಲ್ಲುತ್ತದೆ. ತನಗೆ ತಿಳಿಯುತ್ತಿಲ್ಲವೆಂಬುದನ್ನು ಮುಚ್ಚಿಡುವುದನ್ನೇ ಅದು ಶಾಲೆಯಲ್ಲಿ ಕಲಿತಿರುತ್ತದೆ.

1905ರಲ್ಲಿ ಪ್ಯಾರಿಸ್‌ನಲ್ಲಿ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಮತ್ತು ವೈದ್ಯ ಥಿಯೊಡೋರ್ ಸಿಮೊನ್ ರೂಪಿಸಿದ ಬುದ್ಧಿಮಟ್ಟದ ಪರೀಕ್ಷೆಯ ಉದ್ದೇಶ, ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವುದಾಗಿತ್ತು. ಮುಂದೆ ಆ ಬಗೆಯ ಪರೀಕ್ಷೆಗಳಿಂದ ಬಂದ ಐಕ್ಯೂ (ಬುದ್ಧಿಮಟ್ಟದ) ಅಂಕಿಯೇ, ಅಲ್ಪ ಪ್ರಮಾಣದ ತೊಂದರೆಯಿದ್ದರೆ ಸರಿಸುಮಾರು 50ರಿಂದ 70ರವರೆಗಿನದು, ಮಗುವಿನ ಹಣೆಬರಹವೆಂಬಂತಾಯಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯು ತೀವ್ರತೆಯನ್ನು ಅಂಕಿಯಿಂದಲ್ಲ, ದೈನಂದಿನ ಬದುಕಿನ ನಿರ್ವಹಣೆಯಿಂದ ಅಳೆಯಬೇಕೆಂದು ಹೇಳಿತು. ಶಾಲೆಗೆ ಇದು ಹೆಚ್ಚು ಉಪಯುಕ್ತವಾದ ಅಳತೆಯೆಂದು ನನಗನಿಸುತ್ತದೆ, ಏಕೆಂದರೆ ಅಂಕಿಯು ನಾಳೆ ಏನು ಕಲಿಸಬೇಕೆಂದು ಹೇಳುವುದಿಲ್ಲ.

1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ವಿಶೇಷ ಶಿಕ್ಷಣದ ಕುರಿತು ನಡೆದ ಯುನೆಸ್ಕೊ ಸಮ್ಮೇಳನದ ಹೇಳಿಕೆಯ ನಂತರ ಸಾಮಾನ್ಯ ಶಾಲೆಯೇ ಎಲ್ಲರ ಶಾಲೆಯಾಗಬೇಕೆಂಬ ಮಾತು ಬಲಗೊಂಡಿತು. ಅದನ್ನು ನಾನು ಒಪ್ಪುತ್ತೇನೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಸೇರಿದ ಮಾತ್ರಕ್ಕೆ ಏರ್ಪಾಡು ಆದಂತಲ್ಲ. ದಶಕ ತೆಗೆಯುವುದನ್ನು ಬಾಯಲ್ಲಿ ವಿವರಿಸುವ ಬದಲು ಹತ್ತು ಕಡ್ಡಿಗಳ ಕಟ್ಟನ್ನು ಮಗುವಿನ ಕೈಯಿಂದಲೇ ಬಿಚ್ಚಿಸಬೇಕು. ಇಂದು ಬಂದದ್ದು ನಾಳೆ ಮರೆತರೆ ಬೈಯದೆ ಮತ್ತೆ ಬಿಚ್ಚಿಸಬೇಕು. ಅದೇ ಲೆಕ್ಕವನ್ನು ಕಡ್ಡಿಯಿಂದ ನಾಣ್ಯಕ್ಕೆ, ನಾಣ್ಯದಿಂದ ಕಾಗದಕ್ಕೆ ದಾಟಿಸಬೇಕು, ಏಕೆಂದರೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಈ ಮಕ್ಕಳಿಗೆ ಕಷ್ಟ. ಇದಕ್ಕೆ ತರಗತಿಯ ಶಿಕ್ಷಕರ ಜೊತೆಗೆ ವಿಶೇಷ ಶಿಕ್ಷಕರೊಬ್ಬರ ಸಮಯ ಬೇಕು. ಇಂಥ ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸಲೆಂದಿರುವ ಸಂಪನ್ಮೂಲ ಕೊಠಡಿಯೊಂದಿದ್ದು ಅದಕ್ಕೆ ಬೀಗ ಬಿದ್ದಿದ್ದರೆ ಏನೂ ಆಗುವುದಿಲ್ಲ.

ಹದಿಹರೆಯದಲ್ಲಿ ಪ್ರಶ್ನೆ ಬದಲಾಗುತ್ತದೆ. ಗಡಿಯಾರ ನೋಡಲು ಇನ್ನೂ ತಡವರಿಸುವ ಹದಿನಾಲ್ಕರ ಹುಡುಗಿಗೆ ಬೀಜಗಣಿತದ ಸೂತ್ರ ಬಾಯಿಪಾಠ ಮಾಡಿಸುವ ಸಮಯದಲ್ಲಿ, ವೇಳಾಪಟ್ಟಿ ಓದುವುದು, ಚಿಲ್ಲರೆ ಸರಿನೋಡುವುದು, ಅರ್ಜಿ ತುಂಬುವುದನ್ನು ಕಲಿಸಬಹುದು. ಯಾವುದನ್ನು ಮೊದಲು ಕಲಿಯಬೇಕೆಂದು ಅವಳನ್ನೇ ಕೇಳಿದರೆ ಉತ್ತರವೂ ಸಿಗುತ್ತದೆ.