‘ಅಲ್ಲಿಗೇ ಯಾಕೆ?’ ಎಂಬುದಕ್ಕೆ ಉತ್ತರ ಸಿಗುವವರೆಗೆ ಫಾರ್ಮ್ ತುಂಬಬೇಡಿ

ಶಿರಸಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ನನ್ನ ಕೆಲಸ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದರ ಜೊತೆಗೆ ಇನ್ನೊಂದು ಜವಾಬ್ದಾರಿಯೂ ನನ್ನ ಪಾಲಿಗೆ ಬಂದಿದೆ. ಹೊರದೇಶದ ಫೆಲೋಶಿಪ್, ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹಾಕುವವರ ಜೊತೆ ಕೂತು ಅವರ ಬರಹ ತಿದ್ದುವುದು. ಸಿದ್ದಾಪುರ, ಯಲ್ಲಾಪುರದಿಂದ ಬರುತ್ತಾರೆ. ಘಟ್ಟ ಹತ್ತಿ ಕುಮಟಾ, ಕಾರವಾರದಿಂದಲೂ ಬರುತ್ತಾರೆ. ಎಂ.ಎಸ್ಸಿ ಮುಗಿಸಿದವರು, ಪಿಎಚ್‌.ಡಿ ಮಾಡುತ್ತಿರುವವರು, ಕಾಲೇಜಿನಲ್ಲಿ ಪಾಠ ಹೇಳುವ ಮಾಸ್ತರುಗಳೂ ಇರುತ್ತಾರೆ.

ಹೆಚ್ಚಿನವರ ಮೊದಲ ಪ್ರಶ್ನೆ ಎರಡೇ. “ಮೇಡಂ, ಲಾಸ್ಟ್ ಡೇಟ್ ಯಾವಾಗ?” “ಎಷ್ಟು ಪರ್ಸೆಂಟ್ ಆಗಿರಬೇಕು?” ನಾನು ತಿರುಗಿ ಕೇಳುವುದು ಒಂದೇ. “ಈ ಕೆಲಸಕ್ಕೆ ನೀವು ಅಲ್ಲಿಗೇ ಯಾಕೆ ಹೋಗಬೇಕು?” ಹೆಚ್ಚಿನವರು ಸುಮ್ಮನಾಗಿಬಿಡುತ್ತಾರೆ. ಆ ಪ್ರಶ್ನೆಯನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಕೇಳಿರುವುದಿಲ್ಲ. ಅಂಕ ಎಷ್ಟು ಎಂದು ಕೇಳಿದವರೇ ಎಲ್ಲರೂ.

ಅಂಕ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅರ್ಜಿ ಓದುವವರ ಮೇಜಿನ ಮೇಲಿರುವ ಎಲ್ಲರಿಗೂ ಒಳ್ಳೆಯ ಅಂಕ ಇದ್ದೇ ಇರುತ್ತದೆ. ಅದರಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಲು ಆಗುವುದಿಲ್ಲ. ಬೇರೆ ಮಾಡುವುದು ನಿಮ್ಮ ಕೆಲಸಕ್ಕೂ ಆ ಜಾಗಕ್ಕೂ ಇರುವ ನಂಟು.

ಇದು ನನಗೆ ಚೆನ್ನಾಗಿ ಮನದಟ್ಟಾಗಿದ್ದು ದರಕಿನಿಂದ, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆಯಿಂದ. ಅರಣ್ಯಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಜರ್ಮನಿಗೆ ಹೋಗಬೇಕೆಂದು ಬಂದಳು. ಅಲ್ಲಿನ ಡಿಎಎಡಿ ಸಂಸ್ಥೆ 1925ರಿಂದ ವಿದ್ಯಾರ್ಥಿಗಳ, ವಿದ್ವಾಂಸರ ವಿನಿಮಯ ನಡೆಸಿಕೊಂಡು ಬಂದಿದೆ. ಅದರ ಸಂಶೋಧನಾ ಅನುದಾನಕ್ಕೆ ಜರ್ಮನಿಯ ಪ್ರಾಧ್ಯಾಪಕರೊಬ್ಬರು ‘ನಾನು ಮಾರ್ಗದರ್ಶನ ಮಾಡುತ್ತೇನೆ’ ಎಂದು ಪತ್ರ ಕೊಡಬೇಕು. ಆಕೆ ಆಗಲೇ ಹಲವರಿಗೆ ಇಮೇಲ್ ಕಳಿಸಿದ್ದಳು. ಒಬ್ಬರಿಂದಲೂ ಉತ್ತರ ಬಂದಿರಲಿಲ್ಲ. ಇಮೇಲ್‌ನಲ್ಲಿ ಇದ್ದದ್ದು ಹೆಚ್ಚುಕಡಿಮೆ ಹೀಗೆ:

“ಗೌರವಾನ್ವಿತ ಪ್ರಾಧ್ಯಾಪಕರೇ, ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಜಗತ್ತಿನಲ್ಲೇ ಹೆಸರಿದೆ. ನಿಮ್ಮ ಹತ್ತಿರ ಸಂಶೋಧನೆ ಮಾಡುವುದು ನನ್ನ ಬಹುದಿನದ ಕನಸು. ದಯವಿಟ್ಟು ಅವಕಾಶ ಕೊಡಿ.”

ಊರಿನ ಹೆಸರು ಬದಲಿಸಿದರೆ ಇದನ್ನು ಯಾವ ದೇಶದ ಯಾರಿಗೆ ಬೇಕಾದರೂ ಕಳಿಸಬಹುದು, ಅಲ್ವಾ? ಪತ್ರವನ್ನು ಬದಿಗಿಟ್ಟು, ನಿನ್ನ ಕೆಲಸ ಏನು ಹೇಳು ತಂಗಿ ಎಂದೆ. ಆಗ ಅವಳ ಮಾತೇ ಬದಲಾಯಿತು.

ಅವಳದ್ದು ಸೊಪ್ಪಿನ ಬೆಟ್ಟದ ಅಧ್ಯಯನ. ನಮ್ಮ ಕಡೆ ಅಡಿಕೆ ತೋಟದವರಿಗೆ ಸೊಪ್ಪಿಗೆಂದೇ ಬಿಟ್ಟುಕೊಟ್ಟ ಕಾಡು ಅದು. ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿಯುತ್ತಾರೆ. ಬೇಸಿಗೆಯಲ್ಲಿ ಉದುರಿದ ದರಕು ಗುಡಿಸಿ ಹೊತ್ತು ತರುತ್ತಾರೆ. ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುತ್ತಾರೆ. ಪ್ರತಿ ವರ್ಷ ದರಕು ಎತ್ತುವ ಬೆಟ್ಟ, ಎತ್ತುವುದನ್ನು ಬಿಟ್ಟ ಬೆಟ್ಟ, ಎರಡನ್ನೂ ಹಿಡಿದು ಮಣ್ಣು ಹೇಗಾಗಿದೆ ಎಂದು ಆಕೆ ಅಳೆಯುತ್ತಿದ್ದಳು. ಯಾವ ಮನೆಯವರು ಪೂರಾ ಗುಡಿಸುತ್ತಾರೆ, ಯಾರು ಮರದ ಬುಡದಲ್ಲಿ ಸ್ವಲ್ಪ ಬಿಟ್ಟು ಬರುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಇಷ್ಟು ಇಟ್ಟುಕೊಂಡವಳು ಪತ್ರದಲ್ಲಿ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. “ಇದೆಲ್ಲ ನಮ್ಮನೆ ಕೆಲಸ ಮೇಡಂ, ಅವರಿಗೇನು ಹೇಳೋದು?” ಎಂದಳು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡವರು ನನ್ನ ಮುಂದೆ ದಿನಾ ಬಂದು ಕೂರುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುವುದು ಅದಕ್ಕೆ.

ಇಬ್ಬರೂ ಕೂತು ಹುಡುಕಿದೆವು. ಜರ್ಮನಿಯಲ್ಲೂ ಒಂದು ಕಾಲಕ್ಕೆ ಇದೇ ಪದ್ಧತಿ ಇತ್ತು. ಹುಲ್ಲು ಸಾಲದ ರೈತರು ಕಾಡಿನ ಒಣ ಎಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಇದರಿಂದ ಕಾಡಿನ ಮಣ್ಣು ಸೊರಗುತ್ತದೆಯೇ ಎಂದು ಅಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಎಬರ್ಮಾಯರ್ ಎಂಬ ವಿಜ್ಞಾನಿ ಬವೇರಿಯಾದ ಕಾಡುಗಳ ಎಲೆಹಾಸಿನ ಬಗ್ಗೆ 1876ರಲ್ಲೇ ದೊಡ್ಡ ಅಧ್ಯಯನ ಪ್ರಕಟಿಸಿದ್ದ. ಇಪ್ಪತ್ತನೇ ಶತಮಾನದಲ್ಲಿ ಆ ಪದ್ಧತಿ ನಿಂತುಹೋಯಿತು. ಹಾಗೆ ನಿಂತ ಮೇಲೆ ಮಣ್ಣು ಹೇಗೆ ಚೇತರಿಸಿಕೊಂಡಿತು ಎಂದು ಅಲ್ಲಿನವರು ಈಗಲೂ ಅಳೆಯುತ್ತಿದ್ದಾರೆ. ‘ಅಲ್ಲಿಗೇ ಯಾಕೆ’ ಎನ್ನುವುದಕ್ಕೆ ಉತ್ತರ ಸಿಕ್ಕಿತು. ಪತ್ರ ಹೊಸದಾಗಿ ಬರೆದಳು:

“ನಮ್ಮ ಊರಲ್ಲಿ ಕಾಡಿನ ಒಣ ಎಲೆಯನ್ನು ಈಗಲೂ ಪ್ರತಿ ಬೇಸಿಗೆ ಎತ್ತುತ್ತಾರೆ. ನಿಮ್ಮಲ್ಲಿ ಅದು ನಿಂತು ದಶಕಗಳಾದವು. ಎತ್ತುವಾಗ ಮಣ್ಣಿಗೆ ಏನಾಗುತ್ತದೆ ಎಂಬ ಅಳತೆ ನನ್ನ ಹತ್ತಿರ ಇದೆ. ನಿಂತ ಮೇಲೆ ಏನಾಯಿತು ಎಂಬ ಅಳತೆ ನಿಮ್ಮ ಹತ್ತಿರ ಇದೆ. ನಿಮ್ಮ ಪ್ರಯೋಗಾಲಯದ ಕ್ರಮದಲ್ಲೇ ನನ್ನದನ್ನೂ ಮಾಡಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಆರು ತಿಂಗಳು ಬಂದು ಕಲಿಯಲು ಸಾಧ್ಯವೇ?”

ಉತ್ತರ ಬೇಗ ಬಂತು. ಅದರ ತುಂಬಾ ಪ್ರಶ್ನೆಗಳೇ. ಒಂದು ಮನೆಯವರು ವರ್ಷಕ್ಕೆ ಎಷ್ಟು ಹೊರೆ ತರುತ್ತಾರೆ? ಯಾವ ತಿಂಗಳು ಶುರು ಮಾಡುತ್ತಾರೆ? ಬೆಂಕಿ ಬೀಳುವುದು ಇದರಿಂದ ಕಮ್ಮಿಯಾಗುತ್ತದೆಯೇ? ಒಪ್ಪಿಗೆ ಪತ್ರ ಆಮೇಲೆ ಬಂತು, ಅನುದಾನವೂ ಸಿಕ್ಕಿತು. ನಾನು ಆ ಪ್ರಶ್ನೆಗಳನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ, ಹೊಸದಾಗಿ ಬಂದವರಿಗೆ ತೋರಿಸಲು. ನಮ್ಮಿಂದ ಕಲಿಯಬೇಕಾದ್ದು ಅವರಿಗೂ ಇದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಇಂಥ ಅನುದಾನಗಳು ಹುಟ್ಟಿದ್ದೇ ಎರಡೂ ಕಡೆಯ ಹೋಗಿಬರುವಿಕೆಗಾಗಿ. ಅಮೆರಿಕದ ಫುಲ್‌ಬ್ರೈಟ್ ಕಾರ್ಯಕ್ರಮಕ್ಕೆ 1946ರಲ್ಲಿ ಕಾಯ್ದೆ ಆಯಿತು. ಅರ್ಕನ್ಸಾ ರಾಜ್ಯದ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ತಂದ ಕಾಯ್ದೆ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೇರೆ ಬೇರೆ ದೇಶಗಳಲ್ಲಿ ಅಮೆರಿಕದ ಸೇನೆಯ ಸಾಮಾನು ರಾಶಿ ರಾಶಿ ಉಳಿದಿತ್ತು. ಅದನ್ನು ಮಾರಿದ ಹಣದಲ್ಲೇ ವಿದ್ಯಾರ್ಥಿಗಳನ್ನೂ ವಿದ್ವಾಂಸರನ್ನೂ ಆಚೀಚೆ ಕಳಿಸೋಣ ಎಂಬುದು ಅವರ ಯೋಚನೆ. ಯುದ್ಧದ ಸಾಮಾನಿನ ದುಡ್ಡು ಓದಿಗೆ ಹೋಗಲಿ ಎಂದುಕೊಂಡರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಭಾರತದ ಜೊತೆ ಒಪ್ಪಂದ ಆಗಿದ್ದು 1950ರ ಫೆಬ್ರವರಿ 2ರಂದು. ಸಹಿ ಹಾಕಿದವರು ಪ್ರಧಾನಿ ನೆಹರೂ ಮತ್ತು ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್. 2008ರಲ್ಲಿ ಹೊಸ ಒಪ್ಪಂದವಾಗಿ ಎರಡೂ ಸರ್ಕಾರಗಳು ಸಮಪಾಲು ಹಾಕತೊಡಗಿದವು. ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಬಂದಿದ್ದು ಆಗ. ಅಂದರೆ ಅದರಲ್ಲಿ ನಮ್ಮ ತೆರಿಗೆಯ ದುಡ್ಡೂ ಇದೆ. ವಾಪಸ್ ಬಂದು ಏನು ಮಾಡುತ್ತೀರಿ ಎಂದು ಅರ್ಜಿಯಲ್ಲಿ ಕೇಳಿದರೆ ಅದು ಬರೀ ಶಾಸ್ತ್ರಕ್ಕೆ ಕೇಳಿದ್ದಲ್ಲ.

ಯಾರಿಗೆ ಯಾವುದು ಎನ್ನುವುದನ್ನು ಚುಟುಕಾಗಿ ಹೇಳುತ್ತೇನೆ. ಇಲ್ಲಿ ಪಿಎಚ್‌.ಡಿಗೆ ನೋಂದಾಯಿಸಿಕೊಂಡವರಿಗೆ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ರಿಸರ್ಚ್ ಫೆಲೋಶಿಪ್ ಇದೆ. ಅವಧಿ 6ರಿಂದ 9 ತಿಂಗಳು. ಡಿಗ್ರಿ ಇಲ್ಲಿಯದೇ, ಅಲ್ಲಿ ಮಾಡುವುದು ಅದರ ಒಂದು ಭಾಗ. ಯುರೋಪಿನಲ್ಲಿ ಎಂ.ಎ, ಎಂ.ಎಸ್ಸಿ ಮಾಡಬೇಕೆನ್ನುವವರಿಗೆ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಕೋರ್ಸುಗಳಿವೆ. ಒಂದಕ್ಕಿಂತ ಜಾಸ್ತಿ ದೇಶಗಳಲ್ಲಿ ಓದುವುದು, ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ. ಬ್ರಿಟನ್ನಿನ ಚೀವನಿಂಗ್ ಒಂದು ವರ್ಷದ ಸ್ನಾತಕೋತ್ತರ ಓದಿಗೆ. ಅದಕ್ಕೆ ಕೆಲಸದ ಅನುಭವ ಬೇಕು, ಅಂಕದ ಜೊತೆ ನಾಯಕತ್ವವನ್ನೂ ನೋಡುತ್ತಾರೆ. ಷರತ್ತುಗಳು ವರ್ಷ ವರ್ಷ ಸ್ವಲ್ಪ ಬದಲಾಗುತ್ತವೆ. ಸೀನಿಯರ್ ಹೇಳಿದ್ದನ್ನು ನೆಚ್ಚಿಕೊಳ್ಳದೆ ಆ ವರ್ಷದ ಅಧಿಸೂಚನೆಯನ್ನೇ ಓದಿ.

ಶಿಫಾರಸು ಪತ್ರದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆಯ ಗೈಡ್‌ಗಳು ಒಳ್ಳೆಯವರು, ಕೇಳಿದ ದಿನವೇ ಬರೆದುಕೊಡುತ್ತಾರೆ. ಆದರೆ ‘ಪರಿಶ್ರಮಿ, ವಿನಯವಂತ, ಉಜ್ವಲ ಭವಿಷ್ಯವಿದೆ’ ಎಂದು ಮುಗಿಸುತ್ತಾರೆ. ಅದರಿಂದ ಮನುಷ್ಯ ಕಾಣುವುದಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅಲ್ಲಿಯವರ ಕೆಲಸ ಕಾಳಿ, ಅಘನಾಶಿನಿ ನದಿಗಳು ಕಡಲು ಸೇರುವ ಅಳಿವೆಗಳಲ್ಲಿ ನಡೆಯುತ್ತಿರುತ್ತದೆ. ಅಘನಾಶಿನಿಯಲ್ಲಿ ಬಳಚು ಎಂಬ ಚಿಪ್ಪುಜೀವಿಯ ಮೇಲೆ ಕೆಲಸ ಮಾಡಿದ ಹುಡುಗನೊಬ್ಬನ ಪತ್ರ ನನಗೆ ನೆನಪಿದೆ. ನೀರು ನಸುಕಿನಲ್ಲಿ ಇಳಿಯುವ ದಿನ ಈತ ನಸುಕಿಗೇ ಅಳಿವೆಯಲ್ಲಿ ಇರುತ್ತಿದ್ದ, ಬಳಚು ಆರಿಸುವ ಹೆಂಗಸರ ಬುಟ್ಟಿಯನ್ನು ಅವರ ಒಪ್ಪಿಗೆ ಪಡೆದು ತೂಗಿ ಗಾತ್ರ ಬರೆದುಕೊಳ್ಳುತ್ತಿದ್ದ, ಮರಿ ಬಳಚು ಕಮ್ಮಿಯಾಗುತ್ತಿರುವುದನ್ನು ಮೊದಲು ಅವರ ಬಾಯಿಂದಲೇ ಕೇಳಿ ಆಮೇಲೆ ಲೆಕ್ಕದಲ್ಲಿ ತೋರಿಸಿದ ಎಂದು ಅವನ ಗೈಡ್ ಬರೆದಿದ್ದರು. ಹೊಗಳಿಕೆಯ ಮಾತು ಅದರಲ್ಲಿ ಕಮ್ಮಿ. ಓದಿದವರಿಗೆ ಹುಡುಗ ಕಣ್ಣ ಮುಂದೆ ಬರುತ್ತಾನೆ. ಪತ್ರ ಕೇಳಲು ಹೋಗುವಾಗ ಇಂಥ ನಾಲ್ಕಾರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಗೈಡ್‌ಗೆ ಹತ್ತಾರು ವಿದ್ಯಾರ್ಥಿಗಳಿರುತ್ತಾರೆ, ಎಲ್ಲ ನೆನಪಿರುವುದಿಲ್ಲ. ಕೊನೆಯ ದಿನಾಂಕಕ್ಕೆ ಎರಡು ತಿಂಗಳಾದರೂ ಮುಂಚೆ ಕೇಳಿ.

ಆ ಹುಡುಗ ಅಮೆರಿಕದ ಚೆಸಪೀಕ್ ಕೊಲ್ಲಿಯನ್ನು ಆರಿಸಿಕೊಂಡಿದ್ದ. ಅಲ್ಲಿ ಆಯ್ಸ್ಟರ್ ಚಿಪ್ಪುಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಮಿತಿಮೀರಿ ತೆಗೆದರು, ಇಪ್ಪತ್ತನೇ ಶತಮಾನದಲ್ಲಿ ರೋಗ ಬಂತು, ಈಗ ಮತ್ತೆ ಬೆಳೆಸಲು ಒದ್ದಾಡುತ್ತಿದ್ದಾರೆ. ಅಘನಾಶಿನಿಯಲ್ಲಿ ಆ ಸ್ಥಿತಿ ಬರುವ ಮುಂಚೆ ಏನು ಮಾಡಬಹುದು ಎಂಬುದು ಅವನ ಪ್ರಶ್ನೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದ ಮೇಲೆ ಇಂಥ ಪ್ರಶ್ನೆಗಳಿಗೆ ತೂಕ ಇನ್ನೂ ಜಾಸ್ತಿಯಾಗಿದೆ.

ಇಲ್ಲೊಂದು ಎಚ್ಚರಿಕೆ. ಬಳಚಾಗಲಿ, ಎಲೆಯಾಗಲಿ, ಬೀಜವಾಗಲಿ, ಸ್ಯಾಂಪಲ್ ಅಂತ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಇದೆ. ಸಂಶೋಧನೆಗೆ ಹೊರದೇಶಕ್ಕೆ ಒಯ್ಯುವ ಮುಂಚೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಸ್ಯಾಂಪಲ್ ಪರೀಕ್ಷೆಯನ್ನು ಇಲ್ಲೇ ಮುಗಿಸಿ, ಅಳತೆಗಳನ್ನಷ್ಟೇ ಒಯ್ಯುವ ಹಾಗೆ ಯೋಜನೆ ಮಾಡಿಕೊಂಡರೆ ಎಷ್ಟೋ ಹಗುರ.

ಹೆಸರಿನ ತಕರಾರೂ ನಮ್ಮಲ್ಲಿ ಬಹಳ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಡಿಗ್ರಿಯಲ್ಲಿ ಹೆಗಡೆ ಅಂತಲೋ ನಾಯ್ಕ ಅಂತಲೋ ಸೇರಿರುತ್ತದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು. ಆಯ್ಕೆಯಾದ ಮೇಲೆ ಇದನ್ನು ಸರಿಮಾಡಲು ಓಡಾಡುವುದು ಬೇಡ. ಈಗಲೇ ಎಲ್ಲ ಕಾಗದ ತೆಗೆದು ಹೋಲಿಸಿ ನೋಡಿ.

ಅಪ್ಪ ಅಮ್ಮಂದಿರೂ ಬರುತ್ತಾರೆ. “ಅಕ್ಕೋರೇ, ಮಗಳು ಅಲ್ಲೇ ಉಳಿದುಬಿಟ್ಟರೆ?” ಎಂದು ಕೇಳುತ್ತಾರೆ. ಫುಲ್‌ಬ್ರೈಟ್‌ನಲ್ಲಿ ಹೋದವರಿಗೆ ಸಿಗುವುದು ಜೆ-1 ವೀಸಾ. ಅವಧಿ ಮುಗಿದ ಮೇಲೆ ತಮ್ಮ ದೇಶದಲ್ಲಿ ಎರಡು ವರ್ಷ ಇದ್ದಾದ ಮೇಲೇ ಅಲ್ಲಿನ ಎಚ್-1ಬಿ ಕೆಲಸದ ವೀಸಾಕ್ಕೋ ಗ್ರೀನ್ ಕಾರ್ಡಿಗೋ ಅರ್ಹತೆ ಎಂಬ ನಿಯಮವಿದೆ. ಇದನ್ನು ಹೇಳಿದ ಮೇಲೆ ಅವರ ಮುಖ ಸ್ವಲ್ಪ ಸಡಿಲಾಗುತ್ತದೆ. ಖರ್ಚಿನ ಚಿಂತೆಗೂ ಉತ್ತರವಿದೆ. ವಿಮಾನದ ಟಿಕೆಟ್, ತಿಂಗಳ ಸ್ಟೈಪೆಂಡ್, ಆರೋಗ್ಯ ವಿಮೆ ಫೆಲೋಶಿಪ್‌ನಲ್ಲೇ ಸೇರಿರುತ್ತದೆ. ‘ಸೀಟು ಕೊಡಿಸುತ್ತೇವೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದು ಏಜೆಂಟರ ಕೈಯಲ್ಲಿ ಆಗುವ ಕೆಲಸವೇ ಅಲ್ಲ.

ಮುಂದಿನ ವರ್ಷಕ್ಕೆ ಯೋಚನೆ ಮಾಡುತ್ತಿರುವವರು ಈಗ ಫಾರ್ಮ್ ತೆರೆಯಬೇಡಿ. ಒಂದು ಹಾಳೆ ತಗೊಳ್ಳಿ. ನನ್ನ ಕೆಲಸ ಏನು, ಇಲ್ಲಿ ಎಲ್ಲಿಯವರೆಗೆ ಮಾಡಿದ್ದೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅದು ಅಲ್ಲಿ ಯಾರ ಹತ್ತಿರ ಇದೆ, ನಾನು ಅವರಿಗೆ ಏನು ಒಯ್ಯುತ್ತೇನೆ ಎಂದು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಆಮೇಲೆ ಮಾಡೋಣ. ಬರೆದದ್ದನ್ನು ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಶಿರಸಿ ಕಡೆಯವರಾದರೆ ಗ್ರಂಥಾಲಯಕ್ಕೇ ತನ್ನಿ, ಊಟದ ಹೊತ್ತು ಬಿಟ್ಟು ಯಾವಾಗ ಬಂದರೂ ಕೂತು ಓದುತ್ತೇನೆ.