ಕೇಬಲ್ ಕಳಚಿದರೂ ಬರುತ್ತಿದ್ದ ಪ್ಯಾಕೆಟ್

ಬ್ಲೂಟೂತ್ ರಿಸೀವರ್ ಎಷ್ಟು ಕ್ಷೀಣ ಸಿಗ್ನಲ್ಲನ್ನು ಹಿಡಿಯಬಲ್ಲದು ಎಂದು ಅಳೆಯಲು ಕೂತಿದ್ದೆವು. ಎರಡು ಬ್ಲೂಟೂತ್ ಲೋ ಎನರ್ಜಿ ಬೋರ್ಡುಗಳು, ಆಂಟೆನಾದ ಜಾಗದಲ್ಲಿ ಕೇಬಲ್ ತಿರುಗಿಸಿ ಜೋಡಿಸುವ ಎಸ್‌ಎಂಎ ಕನೆಕ್ಟರ್, ನಡುವೆ ಸಿಗ್ನಲ್ಲನ್ನು 30 ಡಿಬಿ (ಡೆಸಿಬೆಲ್) ತಗ್ಗಿಸುವ ಅಟೆನ್ಯುಯೇಟರ್, ಅದರ ಮುಂದೆ ಒಂದೊಂದೇ ಡಿಬಿ ಏರಿಸಬಹುದಾದ ಇನ್ನೊಂದು. ಕಳಿಸುವ ಬೋರ್ಡಿನ ಪವರ್ 0 ಡಿಬಿಎಂ, ಅಂದರೆ 1 ಮಿಲಿವ್ಯಾಟ್. ಬೆಳಗಿನ ಹೊತ್ತೆಲ್ಲ ಕೇಬಲ್ ನಷ್ಟ ಅಳೆಯುವುದಕ್ಕೇ ಹೋಯಿತು. ಕನೆಕ್ಟರನ್ನು ಕೈಯಲ್ಲಿ ತಿರುಗಿಸಿ ಬಿಟ್ಟರೆ ಕೇಬಲ್ ಅಲುಗಿದಾಗಲೆಲ್ಲ ಅಂಕಿ ಬದಲಾಗುತ್ತದೆ. ಗೊತ್ತಾದ ಬಿಗಿತಕ್ಕೆ ತಿರುಗಿಸುವ ಟಾರ್ಕ್ ವ್ರೆಂಚ್ ಬೇಕೇ ಬೇಕು.

ಪ್ರತಿ ಡಿಬಿಗೂ 37 ಬೈಟ್‌ನ 1500 ಪ್ಯಾಕೆಟ್ ಕಳಿಸಬೇಕು. 625 ಮೈಕ್ರೊಸೆಕೆಂಡಿಗೊಂದರಂತೆ, ಒಂದು ಸೆಕೆಂಡೂ ಹಿಡಿಯುವುದಿಲ್ಲ. ಶೇ 30.8, ಅಂದರೆ 462 ಪ್ಯಾಕೆಟ್ ಕಳೆದುಹೋಗುವ ಮಟ್ಟವೇ ರಿಸೀವರಿನ ಮಿತಿ. ಬ್ಲೂಟೂತ್ ಮಾನದಂಡ ಕೇಳುವುದು −70 ಡಿಬಿಎಂ. ಈಗಿನ ಚಿಪ್‌ಗಳು −95ರ ಆಸುಪಾಸಿನವರೆಗೂ ಇಳಿಯುತ್ತವೆ.

ಅವತ್ತು ಒಟ್ಟು ನಷ್ಟ 110 ಡಿಬಿ ಮುಟ್ಟಿದರೂ ಪ್ಯಾಕೆಟ್ ಬರುತ್ತಲೇ ಇತ್ತು. ಇಂಥ ಅಂಕಿ ಕಂಡರೆ ಖುಷಿಪಡಬಾರದು, ಅನುಮಾನಪಡಬೇಕು. ಕೋಣೆಯ ತಾಪದಲ್ಲಿ 1 ಮೆಗಾಹರ್ಟ್ಸ್ ಅಗಲಕ್ಕೆ ನಾಯ್ಸೇ (ಶಾಖದಿಂದ ಹುಟ್ಟುವ ಗದ್ದಲ) −114 ಡಿಬಿಎಂ. ರಿಸೀವರ್ ತನ್ನ ಕಡೆಯಿಂದ ಏನೂ ನಾಯ್ಸ್ ಸೇರಿಸದಿದ್ದರೂ ಸಿಗ್ನಲ್ ಅದಕ್ಕಿಂತ ಸುಮಾರು 10 ಡಿಬಿ ಮೇಲಿರಬೇಕು. −110 ಆಗದ ಮಾತು.

ಕೇಬಲ್ ಕಳಚಿ, ಎರಡೂ ಬೋರ್ಡಿಗೆ ಸಿಗ್ನಲ್ಲನ್ನು ನುಂಗಿಬಿಡುವ 50 ಓಮ್ ಟರ್ಮಿನೇಟರ್ ಹಾಕಿದೆವು. ಆಗಲೂ ಪ್ಯಾಕೆಟ್ ಬಂತು! ಸಿಗ್ನಲ್ ಗಾಳಿಯಲ್ಲೇ ದಾಟುತ್ತಿತ್ತು. 2.4 ಗಿಗಾಹರ್ಟ್ಸ್‌ನಲ್ಲಿ 1 ಮೀಟರ್ ಗಾಳಿ ಕಳೆಯುವುದು ಬರೀ 40 ಡಿಬಿ. ಬೋರ್ಡಿನ ತಾಮ್ರದ ಗೆರೆಗಳು ಆಂಟೆನಾಕ್ಕಿಂತ 20 ಡಿಬಿ ಕಳಪೆ ಎಂದು ಎರಡೂ ಕಡೆ ಲೆಕ್ಕ ಹಿಡಿದರೂ −80 ಡಿಬಿಎಂ ತಲುಪುತ್ತದೆ. ಯಾರಾದರೂ ಮೇಜಿನ ಬಳಿ ಓಡಾಡಿದರೆ ಎಣಿಕೆ ಏರಿಳಿಯುತ್ತಿದ್ದುದೂ ಇದೇ ಸೋರಿಕೆಯಿಂದ.

ಒಂದೊಂದು ಬೋರ್ಡನ್ನೂ ಲೋಹದ ಡಬ್ಬಿಯೊಳಗೆ ಇಟ್ಟೆವು. ಮೊದಲ ಸಲ ಸೋರಿಕೆ ನಿಲ್ಲಲಿಲ್ಲ, ಕಾರಣ ತೂತಿನಿಂದ ಹೊರಬಂದ ಯುಎಸ್‌ಬಿ ವೈರು. ಅದೇ ಆಂಟೆನಾ ಆಗಿಬಿಟ್ಟಿತ್ತು. ಬ್ಯಾಟರಿಯನ್ನೂ ಒಳಗೇ ಇಟ್ಟು, ಮುಚ್ಚಳದ ಅಂಚಿಗೆ ತಾಮ್ರದ ಟೇಪ್ ಅಂಟಿಸಿ, ಎಣಿಕೆಯನ್ನು ಡಬ್ಬಿ ತೆರೆದ ಮೇಲೆ ಓದಿದಾಗ ಸರಿಹೋಯಿತು. ಕೇಬಲ್ ಕಳಚಿದರೆ ಈಗ ಸೊನ್ನೆ. ಈ ಸೊನ್ನೆ ಸಿಗುವವರೆಗೆ ಯಾವ ಅಂಕಿಯನ್ನೂ ಬರೆದಿಡಬಾರದು.

ನಿಜವಾದ ಮಿತಿ −95 ಬಂತು, ಅದೂ 3–4 ಡಿಬಿಯೊಳಗೇ ಬರುವ ಪ್ಯಾಕೆಟ್ಟೆಲ್ಲ ಕುಸಿಯುವ ಕಡಿದಾದ ಗೆರೆಯಾಗಿ. ಆದರೆ 2402, 2440, 2480 ಮೆಗಾಹರ್ಟ್ಸ್‌ನ ಮೂರು ಚಾನೆಲ್‌ಗಳನ್ನೇ ನೋಡಿ ನಿಲ್ಲಿಸುವುದು ತಪ್ಪು. ಚಿಪ್‌ನ ಗಡಿಯಾರವಾದ 32 ಮೆಗಾಹರ್ಟ್ಸ್ ಕ್ರಿಸ್ಟಲ್‌ನ 76 ಮತ್ತು 77ನೇ ಹಾರ್ಮೋನಿಕ್‌ಗಳು (ಅದರ 76 ಮತ್ತು 77 ಪಟ್ಟಿನ ಆವರ್ತನಗಳು) ನೇರ 2432, 2464ರ ಮೇಲೆ ಬೀಳುತ್ತವೆ. ರಿಸೀವರ್ ಕಿವುಡಾಗುವುದು ಅಲ್ಲಿ. 40 ಚಾನೆಲ್‌ಗಳನ್ನೂ ಓಡಿಸಿಯೇ ಡಬ್ಬಿ ಬಿಚ್ಚಿದ್ದು.